ತೂಕಡಿಕೆ

ಹಗಲು ಹೊತ್ತಿನಲ್ಲಿ ಕಣ್ಣು ಎಳೆಯತೊಡಗಿದರೆ ಚಿಕಿತ್ಸೆ ಹಿಡಿಯುತ್ತಿದೆ ಎಂದು ತಿಳಿದುಕೋ ಎಂದಿದ್ದರು ಡಾಕ್ಟರು. ಸಾಗರದ ಸ್ಟ್ಯಾಂಡಿನಲ್ಲಿ ಬಸ್ಸಿನ ಸ್ಟಿಯರಿಂಗ್ ಹಿಂದೆ ಕೂತಿದ್ದ ಸೀತಾರಾಮಪ್ಪನಿಗೆ ಇವತ್ತು ಬಿಸಿಲೇರುವ ಮೊದಲೇ ಕಣ್ಣು ಎಳೆಯುತ್ತಿತ್ತು. ತಾನು ಗುಣವಾಗುತ್ತಿದ್ದೇನೆ ಎಂಬ ಸಂತೋಷವೂ, ಹಿಂದಿನ ಬಾಗಿಲಿನಿಂದ ಹತ್ತುತ್ತಿರುವ ಇಷ್ಟೂ ಜನರನ್ನು ಇವತ್ತು ಕೊಂದುಬಿಡಬಹುದು ಎಂಬ ಹೆದರಿಕೆಯೂ ಒಂದೇ ಆಕಳಿಕೆಯಲ್ಲಿ ಬಂದವು. ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿ, ಕೆಮ್ಮಿದವನಂತೆ ನಟಿಸಿ, ಯಾರಾದರೂ ಕಂಡರೇನೋ ಎಂದು ಹಿಂದೆ ನೋಡಿದ. ಯಾರೂ ಕಂಡಿರಲಿಲ್ಲ. ಒಬ್ಬಾಕೆ ಕೋಳಿಯ ಕಾಲು ಕಟ್ಟಿ ಸೀಟಿನ ಕೆಳಗೆ ತಳ್ಳುತ್ತಿದ್ದಳು. ಕಂಡಕ್ಟರ್ ಶಂಭು ಬಾಗಿಲಲ್ಲಿ ನಿಂತು ಹೊಸನಗರ, ತೀರ್ಥಹಳ್ಳಿ ಎಂದು ಕೂಗುತ್ತಿದ್ದ. ಇವರೆಲ್ಲ ನನ್ನನ್ನು ಎಷ್ಟು ಸಲೀಸಾಗಿ ನಂಬುತ್ತಾರೆ ಎಂದು ಸೀತಾರಾಮಪ್ಪನಿಗೆ ಸಿಟ್ಟೇ ಬಂತು.

ಚಿಕಿತ್ಸೆ ಎಂದರೆ ಗುಳಿಗೆಯಲ್ಲ, ಕಷಾಯವಲ್ಲ. ಗುಳಿಗೆಯನ್ನು ಅವನೇ ಬೇಡಿದ್ದ. ತೀರ್ಥಹಳ್ಳಿಯ ಮಹಾಗಣಪತಿ ಡಾಕ್ಟರ ಮೇಜಿನ ಮುಂದೆ, ಹೋದ ವರ್ಷದವರೆಗೆ ಯಾರ ಮುಂದೆಯೂ ಬಗ್ಗದಿದ್ದ ಕುತ್ತಿಗೆಯನ್ನು ಬಗ್ಗಿಸಿ, ಒಂದು ನಿದ್ದೆ ಗುಳಿಗೆ ಕೊಡಿ ಎಂದಿದ್ದ. "ಕೊಡ್ಲಿಕ್ಕೆ ನಂಗೇನು ಕಷ್ಟ?" ಎಂದಿದ್ದರು ಡಾಕ್ಟರು. "ಇವತ್ತು ಒಂದು ಕೇಳ್ತದೆ, ನಾಳೆ ಎರಡು ಕೇಳ್ತದೆ. ನಿನ್ನ ನಿದ್ದೆ ಎಲ್ಲೂ ಹೋಗಿಲ್ಲ ಮಾರಾಯ. ಹಾಸಿಗೆ ಕಂಡ್ರೆ ಹೆದರ್ತದೆ ಅಷ್ಟೇ. ಹಾಸಿಗೆ ಮೇಲೆ ಬಿದ್ಕೊಂಡು ರಾತ್ರಿಯಿಡೀ ಚಿಂತೆ ಮಾಡಿ ಮಾಡಿ, ಹಾಸಿಗೆ ಅಂದ್ರೆ ಚಿಂತೆ ಮಾಡೋ ಜಾಗ ಅಂತ ನಿನ್ನ ಮೈಗೆ ಅಭ್ಯಾಸ ಆಗಿದೆ. ಅದನ್ನ ಬಿಡಿಸ್ಬೇಕು." ಬಿಡಿಸುವ ಕ್ರಮ ಕೇಳಲು ಸುಲಭವಾಗಿತ್ತು. ಕಣ್ಣು ತಾನಾಗಿ ಮುಚ್ಚುವವರೆಗೆ ಹಾಸಿಗೆಯ ಹತ್ತಿರ ಹೋಗಬಾರದು. ಮಲಗಿದ ಮೇಲೆ ನಿದ್ದೆ ಬರಲಿಲ್ಲವೋ, ಎದ್ದು ಬಂದು ಜಗಲಿಯಲ್ಲಿ ಕೂರಬೇಕು. ಎಷ್ಟೇ ತಡವಾಗಿ ಮಲಗಲಿ, ಕೋಳಿ ಕೂಗಿದಾಗ ಏಳಬೇಕು. ಚಿಂತೆ ಮಾಡಲೇಬೇಕೆಂದರೆ ಸಂಜೆ ಹೊರಗೆ ಕೂತು ಮಾಡಿ ಮುಗಿಸಬೇಕು, ಒಳಗೆ ತರಬಾರದು. ಹಗಲು ಮಾತ್ರ, ಏನೇ ಆಗಲಿ, ಮಲಗಬಾರದು. "ಮೊದಮೊದಲು ಹಗಲು ಭಾರೀ ತೂಕಡಿಕೆ ಬರ್ತದೆ. ಬರ್ಲಿ, ಒಳ್ಳೇದೇ. ಆ ಹಸಿವನ್ನ ರಾತ್ರಿಗೆ ಉಳಿಸ್ಕೋ. ಆದ್ರೆ ಅಷ್ಟು ದಿನ ಬಸ್ಸು ಮುಟ್ಬೇಡ. ರಜೆಯಲ್ಲಿದೀಯಲ್ಲ?" ಎಂದು ಕೇಳಿದ್ದರು. "ಹೌದು, ರಜೆ" ಎಂದಿದ್ದ ಸೀತಾರಾಮಪ್ಪ. ಎಷ್ಟು ಬೇಗ ಹೇಳಿದ್ದನೆಂದರೆ, ಸುಳ್ಳು ಹೇಳಿದ್ದು ಅವನಿಗೆ ಗೊತ್ತಾದದ್ದು ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ.

ರಜೆ ಎಲ್ಲಿತ್ತು? ಇದ್ದ ರಜೆಯನ್ನೆಲ್ಲ ಘಟ್ಟದ ಕೆಳಗಿನ ಆಸ್ಪತ್ರೆ ನುಂಗಿತ್ತು. ಮಾಲೀಕರು ಒಳ್ಳೆಯವರೇ, ಆದರೆ ಅವರ ಭಾವಮೈದುನ ಲೈಸೆನ್ಸ್ ಮಾಡಿಸಿಕೊಂಡು ಶೆಡ್ಡಿನ ಮುಂದೆ ಬೀಡಿ ಸೇದುತ್ತ ನಿಂತಿರುತ್ತಾನೆ. ಇನ್ನೊಂದು ಸಲ ರಜೆ ಎಂದರೆ ಆ ಸೀಟು ಅವನದು. ಸೀಟು ಹೋದರೆ ಅನ್ನ ಹೋಗುತ್ತದೆ, ಅದು ಲೋಕಕ್ಕೆ ಹೇಳುವ ಕಾರಣ. ಸೀತಾರಾಮಪ್ಪನಿಗೆ ಅದಕ್ಕಿಂತ ಒಳಗಿನ ಕಾರಣ ಗೊತ್ತಿತ್ತು. ಈ ಸೀಟಿನಲ್ಲಿ ಕೂತು ಗೇರು ಹಾಕುವಾಗ ಮಾತ್ರ ಅವನಿಗೆ ತಾನು ಗಂಡಸು ಅನ್ನಿಸುತ್ತಿತ್ತು. ಇಳಿದ ಮೇಲೆ ಅನ್ನಿಸುತ್ತಿರಲಿಲ್ಲ.

"ರೈಟ್" ಎಂದ ಶಂಭು. ಬಸ್ಸು ಹೊರಟಿತು.

ಎಂಜಿನ್ನಿನ ಪಕ್ಕದ ಒಂಟಿ ಸೀಟಿನಲ್ಲಿ, ಎಂದಿನಂತೆ, ದುಗ್ಗಪ್ಪ ಕೂತಿದ್ದ. ಹೊಸನಗರದಲ್ಲಿ ಅವನದೊಂದು ಜವಳಿ ಅಂಗಡಿ. ವಾರಕ್ಕೊಮ್ಮೆ ಸಾಗರಕ್ಕೆ ಬಂದು ಹೋಗುವವನು, ಬಾಯಿ ಸುಮ್ಮನಿರದವನು. ಇವತ್ತು ಆ ಬಾಯಿ ಬೇಕಿತ್ತು. ಯಾರಾದರೂ ಮಾತಾಡುತ್ತಿದ್ದರೆ ಎಚ್ಚರ ಇರುತ್ತದೆ. ಆದರೆ ದುಗ್ಗಪ್ಪನ ಮಾತು ಎಲ್ಲಿಗೆ ತಿರುಗುತ್ತದೆಂದು ಹೇಳಲು ಬರುವುದಿಲ್ಲ. "ಎಂತ ಡ್ರೈವರ್ರೇ, ಹರ್ನಿಯಾ ಆಪರೇಶನ್ ಆದ್ಮೇಲೆ ಮೈ ತುಂಬ್ಕೊಂಡ್ರಲ್ಲ! ಕೆನ್ನೆ ನೋಡಿ, ಮದುಮಗನ ಕೆನ್ನೆ" ಎಂದ. ಹಿಂದೆ ಒಂದಿಬ್ಬರು ನಕ್ಕರು. ಹರ್ನಿಯಾ ಎಂಬುದು ಸೀತಾರಾಮಪ್ಪನೇ ಊರಿಗೆ ಹಂಚಿದ ಮಾತು. ನಿಜ ಗೊತ್ತಿದ್ದವಳು ಹೆಂಡತಿ ಯಮುನಮ್ಮ ಒಬ್ಬಳೇ. ಮೂತ್ರ ಕಟ್ಟಿ ಒದ್ದಾಡಿ ಆಸ್ಪತ್ರೆಗೆ ಹೋದಾಗ ಅಲ್ಲಿಯ ದೊಡ್ಡ ಡಾಕ್ಟರು ಇಬ್ಬರನ್ನೂ ಕೂರಿಸಿ, ಮೂತ್ರದ ಚೀಲದ ಬುಡದಲ್ಲಿ ಗಂಡಸರಿಗೆ ಒಂದು ಗ್ರಂಥಿ ಇರುತ್ತದೆ, ಪ್ರಾಸ್ಟೇಟ್ ಎನ್ನುತ್ತಾರೆ, ಅದಕ್ಕೆ ಕ್ಯಾನ್ಸರ್ ಆಗಿದೆ, ಅದು ಬೆಳೆಯುವುದಕ್ಕೆ ಬೇಕಾದ ಸಾರ ಬೀಜದಿಂದ ಬರುತ್ತದೆ, ಬೀಜ ತೆಗೆದರೆ ಅದು ಉಪವಾಸ ಬೀಳುತ್ತದೆ ಎಂದು ಬಿಡಿಸಿ ಹೇಳಿದ್ದರು. ಬೀಜ ಎಂಬ ಮಾತು ಕೇಳಿದಾಗ ಅವನಿಗೆ ನೆನಪಾದದ್ದು, ಅಪ್ಪ ಕೊಟ್ಟಿಗೆಯ ಹಿಂದೆ ಹೋರಿಯನ್ನು ಕೆಡವಿಸಿ ಬೀಜ ಒಡೆಸುತ್ತಿದ್ದುದು, ತಾನು ಅದರ ಕೊಂಬಿನ ಹಗ್ಗ ಹಿಡಿದು ಹಲ್ಲು ಕಿರಿಯುತ್ತಿದ್ದುದು. ಆಮೇಲೆ ಆ ಹೋರಿಗಳು ತಣ್ಣಗೆ ನೊಗಕ್ಕೆ ಕುತ್ತಿಗೆ ಕೊಡುತ್ತಿದ್ದವು. ಯಮುನಮ್ಮ ಮಾತ್ರ ಒಂದು ಕ್ಷಣವೂ ಯೋಚಿಸದೆ, "ತೆಗೀರಿ ಡಾಕ್ಟ್ರೇ, ನಂಗೆ ಇವ್ರು ಇದ್ರೆ ಸಾಕು" ಎಂದಿದ್ದಳು. ಅದು ಪ್ರೀತಿಯ ಮಾತೆಂದು ಅವನಿಗೆ ತಿಳಿಯುತ್ತಿತ್ತು. ಆದರೂ ಅವಳು ಅಷ್ಟು ಬೇಗ ಒಪ್ಪಿದ್ದನ್ನು ಅವನು ಇನ್ನೂ ಕ್ಷಮಿಸಿರಲಿಲ್ಲ.

ಮೂತ್ರ ಸಲೀಸಾಯಿತು, ಬೆನ್ನಿನ ನೋವು ಹೋಯಿತು, ನಿದ್ದೆಯೂ ಹೋಯಿತು. ಮಲಗಿದ ಕೂಡಲೇ ಎದೆಯಿಂದ ಒಂದು ಬಿಸಿ ಎದ್ದು ಮುಖಕ್ಕೆ ಏರುವುದು, ಮೈಯೆಲ್ಲ ಬೆವರಿ ಹಾಸಿಗೆ ಒದ್ದೆಯಾಗುವುದು, ಮತ್ತೆ ಚಳಿ. ಮುಟ್ಟು ನಿಲ್ಲುವಾಗ ತನಗೂ ಹೀಗೇ ಆಗುತ್ತಿತ್ತು ಎಂದು ಯಮುನಮ್ಮ ಸಮಾಧಾನ ಹೇಳಲು ಹೋದಾಗ ಅವನು ಅವಳ ಮೇಲೆ ಕೂಗಾಡಿದ್ದ. ಹೆಂಗಸಿನ ಕಾಯಿಲೆ ಹೆಂಗಸಿಗಿರಲಿ ಎಂದಿದ್ದ. ಅವಳು ಎದ್ದು ಒಣಗಿದ ಹೊದಿಕೆ ತಂದು ಹಾಸಿದ್ದಳು. ಡಾಕ್ಟರ ಕ್ರಮ ಶುರುವಾದ ಮೇಲೆ ಅವನು ಜಗಲಿಗೆ ಬಂದು ಕೂತರೆ ಅವಳೂ ಬಂದು ಕೂರುತ್ತಾಳೆ. ಒದ್ದೆ ಬಟ್ಟೆಯನ್ನು ಅವನ ಕತ್ತಿನ ಮೇಲೆ ಇಡುತ್ತಾಳೆ. ಹೋಗಿ ಮಲಕ್ಕೋ ಎಂದರೆ ಹೋಗುವುದಿಲ್ಲ. ನಿನ್ನೆ ಹಾಗೆ ಕೂತಿದ್ದಾಗಲೇ ಕಣ್ಣು ಜಾರಿ, ಒಳಗೆ ಹೋಗಿ ಬಿದ್ದವನು ಕೋಳಿ ಕೂಗುವವರೆಗೆ ಎದ್ದಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಿದ್ದೆ ಅದು. ಅವಳು ಎಬ್ಬಿಸಿದಾಗ ಅವಳ ಕಣ್ಣಲ್ಲಿ ನೀರಿತ್ತು. "ಇವತ್ತೊಂದು ದಿನ ಹೋಗ್ಬೇಡಿ. ಡಾಕ್ಟ್ರು ಎಂತ ಹೇಳಿದ್ರು ನೆನಪಿಲ್ವ?" ಎಂದಳು. "ನೀ ಬಾಯ್ಮುಚ್ಚು" ಎಂದು ಖಾಕಿ ಅಂಗಿ ಹಾಕಿಕೊಂಡು ಬಂದಿದ್ದ.

ಈಗ ಆ ಬಿಸಿ ಇಲ್ಲಿಯೇ, ದುಗ್ಗಪ್ಪನ ಕಣ್ಣೆದುರಿಗೇ, ಎದೆಯಿಂದ ಏರುತ್ತಿತ್ತು. ಕುತ್ತಿಗೆ, ಕಿವಿ, ಹಣೆ. ಮಾಘದ ಬೆಳಗಿನ ಚಳಿಗೆ ಎಲ್ಲರೂ ಮಫ್ಲರ್ ಸುತ್ತಿಕೊಂಡಿರುವಾಗ ಅವನ ಗದ್ದದಿಂದ ಬೆವರು ತೊಟ್ಟಿಕ್ಕಿತು. "ಏನ್ರೀ ಇದು, ಸ್ನಾನ ಮಾಡ್ತಿದೀರ?" ಎಂದ ದುಗ್ಗಪ್ಪ. "ಎಂಜಿನ್ ಬಿಸಿ" ಎಂದ ಸೀತಾರಾಮಪ್ಪ. ದುಗ್ಗಪ್ಪ ತನ್ನ ಪಕ್ಕದಲ್ಲೇ ಇದ್ದ ಎಂಜಿನ್ನಿನ ಮುಚ್ಚಳವನ್ನು ಮುಟ್ಟಿ ನೋಡಿ ಸುಮ್ಮನಾದ. ಆ ಸುಮ್ಮನಿರುವಿಕೆ ಅವಮಾನವಾಗಿ ಚುಚ್ಚಿತು. ಬಿಸಿ ಇಳಿಯಿತು. ಇಳಿದ ಮೇಲೆ ಮೈ ಹಗುರಾಗಿ, ಕೈಕಾಲು ಹತ್ತಿಯಂತಾಗಿ, ರೆಪ್ಪೆ ಭಾರವಾಯಿತು. ಸೀತಾರಾಮಪ್ಪ ನಾಲಗೆ ಕಚ್ಚಿಕೊಂಡ. ತೊಡೆ ಚಿವುಟಿಕೊಂಡ. ಗಾಜನ್ನು ಪೂರ್ತಿ ಇಳಿಸಿ ತಣ್ಣನೆ ಗಾಳಿಗೆ ಮುಖ ಕೊಟ್ಟ. "ಮಾತಾಡಿ ದುಗ್ಗಪ್ನೋರೇ" ಎಂದ. "ಎಂತ ಮಾತಾಡದು? ಮನೇಲಿ ಹೆಂಡ್ತಿ, ಅಂಗಡೀಲಿ ಗಿರಾಕಿ, ಇಬ್ರೂ ಮಾತಾಡಕ್ಕೆ ಬಿಡಲ್ಲ. ಅದಕ್ಕೇ ಬಸ್ಸು ಹತ್ತೋದು, ನಿದ್ದೆ ಮಾಡಕ್ಕೆ" ಎಂದು ದುಗ್ಗಪ್ಪ ಆಕಳಿಸಿದ. "ಚಿಂತೆ ಇಲ್ಲದವ್ನಿಗೆ ಸಂತೇಲೂ ನಿದ್ದೆ ಅಂತಾರಲ್ಲ, ನಂಗೆ ಬಸ್ಸೇ ಸಂತೆ." ಅಷ್ಟೇ. ಗೋಣು ಎದೆಗೆ ಬಿತ್ತು, ಗೊರಕೆ ಎದ್ದಿತು. ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ ಆ ಗೊರಕೆ ಸೀತಾರಾಮಪ್ಪನ ಕಿವಿಯ ಪಕ್ಕದಲ್ಲೇ ಒಂದೇ ಸಮನೆ ಏರಿ ಇಳಿಯತೊಡಗಿತು.

ನಿಲ್ಲಿಸಬೇಕು ಎಂದುಕೊಂಡ. ಮುಂದೆ ಎಲ್ಲಾದರೂ ನಿಲ್ಲಿಸಿ ಮುಖ ತೊಳೆಯಬೇಕು. ಹೇಳಲು ಒಂದು ಕಾರಣ ಬೇಕು. ರೇಡಿಯೇಟರಿಗೆ ನೀರು ಎನ್ನಬಹುದು. ಮುಂದಿನ ಕ್ರಾಸಿನಲ್ಲಿ ಒಬ್ಬ ಮುದುಕಿ ಕೈ ಅಡ್ಡ ಹಿಡಿದು ನಿಂತಿದ್ದಳು. ತಲೆಯ ಮೇಲೆ ಅಕ್ಕಿಯ ಗಂಟು, ಹಿಂದೆ ಸೊಸೆ, ಸೊಸೆಯ ಸೊಂಟದಲ್ಲಿ ಕೂಸು. ಬಸ್ಸು ನಿಂತಿತು. ಕೆರಿಯಮ್ಮ ಅವಳು. ಮುಂಚೆ ಹೊಳೆಮಕ್ಕಿಯಲ್ಲಿ ಅವಳ ಮನೆಯಿತ್ತು. ಅಣೆಕಟ್ಟಿನ ನೀರು ಬಂದು ಹೊಳೆಮಕ್ಕಿ ಮುಳುಗಿದ ಮೇಲೆ ಸರ್ಕಾರ ಕೊಟ್ಟ ಗುಡ್ಡದ ಜಾಗದಲ್ಲಿದ್ದಳು. "ಹೊಳೆಮಕ್ಕಿ ಕ್ರಾಸಲ್ಲಿ ಇಳಸ್ತೀಯೇನಾ ಸೀತಾರಾಮ?" ಎಂದು ಹತ್ತುತ್ತಲೇ ಕೂಗಿದಳು. ಪ್ರತಿ ಸಲವೂ ಹಾಗೇ ಕೂಗುತ್ತಾಳೆ, ಅದು ಅವಳ ತಮಾಷೆ. "ಈಜು ಬರ್ತದೇನಜ್ಜಿ?" ಎಂದು ಶಂಭುವೂ ಪ್ರತಿ ಸಲದ ಉತ್ತರ ಕೊಟ್ಟ. ಸೀತಾರಾಮಪ್ಪ ಇಳಿಯಲಿಲ್ಲ, ಮುಖ ತೊಳೆಯಲಿಲ್ಲ. ಹೇಗೂ ನಿಂತಾಯಿತು, ಕೂಸು ಅತ್ತಿತು, ಎಚ್ಚರವಾಯಿತು ಎಂದುಕೊಂಡ. "ರೈಟ್" ಎಂದ ಶಂಭು.

ಕವಲಿನಲ್ಲಿ ಹೊಸ ರಸ್ತೆ ಗುಡ್ಡ ಬಳಸಿ ಮೇಲೆ ಹೋಗುತ್ತದೆ, ಹಳೆಯದು ಎಡಕ್ಕೆ ಇಳಿಯುತ್ತದೆ. ಇಳಿಯುವ ದಾರಿ ಯಾವಾಗಲೂ ಸುಖ. ಗೇರು ಬದಲಿಸಬೇಕಾಗಿಲ್ಲ, ಬಸ್ಸು ತಾನಾಗಿ ಓಡುತ್ತದೆ, ಎರಡೂ ಕಡೆ ಬಿದಿರು ಬಾಗಿ ನೆರಳು ಕೊಡುತ್ತದೆ. ಈ ತಿರುವಿನಲ್ಲಿ ಹಾರ್ನ್ ಹೊಡೆದರೆ ಹೊಳೆಮಕ್ಕಿಯ ಹೋಟೆಲಿನವನು ಹಾಲು ಕಾಯಿಸಲು ಇಡುತ್ತಾನೆ. ಹೊಡೆದ. ಯಮುನಮ್ಮನನ್ನು ಮದುವೆಯಾಗಿ ಕರೆದುಕೊಂಡು ಬಂದದ್ದು ಇದೇ ಬಸ್ಸಿನಲ್ಲಿ, ಇದೇ ದಾರಿಯಲ್ಲಿ. ಅವಳನ್ನು ಎಂಜಿನ್ನಿನ ಪಕ್ಕದ ಸೀಟಿನಲ್ಲಿ ಕೂರಿಸಿ, ತಿರುವುಗಳಲ್ಲಿ ಬೇಕೆಂದೇ ಜೋರಾಗಿ ತಿರುಗಿಸಿ, ಅವಳು ಹೆದರಿ ಸರಳು ಹಿಡಿದುಕೊಳ್ಳುವುದನ್ನು ಓರೆಗಣ್ಣಿನಲ್ಲಿ ನೋಡಿ ನಕ್ಕಿದ್ದ. ಆವಾಗ ಅವನ ಮೈಯಲ್ಲಿ ಎಲ್ಲವೂ ಇತ್ತು. ಹೊಳೆಯ ದಂಡೆಯ ಗಾಳಿ ತಣ್ಣಗೆ ಮುಖಕ್ಕೆ ಬರುತ್ತಿತ್ತು. ದಾರಿಯಲ್ಲಿ ಒಬ್ಬರೂ ಕಾಣುತ್ತಿರಲಿಲ್ಲ, ಅಷ್ಟೇ ಸ್ವಲ್ಪ ವಿಚಿತ್ರ. ಹೋಟೆಲಿನ ಹೊಗೆಯೂ ಇರಲಿಲ್ಲ. ಎಲ್ಲಿ ಹೋದರು ಎಲ್ಲರೂ ಎಂದು ಕೇಳಲು ಅವನು ಯಮುನಮ್ಮನ ಕಡೆ ತಿರುಗಿದ.

"ಹೋಲ್ಡಾನ್! ಹೋಲ್ಡಾನ್!"

ಅವನಿಗಿಂತ ಮೊದಲು ಅವನ ಕಾಲಿಗೆ ಎಚ್ಚರವಾಯಿತು. ಬಸ್ಸು ಕಿರುಚಿ, ಅಡ್ಡ ಜಾರಿ, ನಿಂತಿತು. ಹಿಂದೆ ಪಾತ್ರೆಗಳು ಉರುಳಿದವು, ಕೋಳಿ ಅರಚಿತು, ಕೂಸು ಅಳತೊಡಗಿತು. ಮುಂದೆ, ಮೂತಿಯಿಂದ ಒಂದು ಮಾರು ಆಚೆ, ರಸ್ತೆ ನೆಟ್ಟಗೆ ನೀರಿನೊಳಗೆ ಹೋಗಿತ್ತು. ನೀರಿನ ಅಡಿಯಲ್ಲೂ ಸ್ವಲ್ಪ ದೂರ ಅದರ ಜಲ್ಲಿ ಕಾಣುತ್ತಿತ್ತು. ಆಮೇಲೆ ಬರೀ ನೀರು, ಆಚೆ ಗುಡ್ಡದವರೆಗೆ ನೀರು, ಅಲ್ಲಲ್ಲಿ ಸತ್ತ ಮರಗಳ ತುದಿ. ಕವಲಿನಲ್ಲಿ ಹಳೆ ದಾರಿಗೆ ಅಡ್ಡ ಇಟ್ಟಿದ್ದ ದಿಮ್ಮಿಯನ್ನು ಗಾಡಿಯವರು ಯಾರೋ ಪಕ್ಕಕ್ಕೆ ಉರುಳಿಸಿದ್ದಿರಬೇಕು. ಸೀತಾರಾಮಪ್ಪ ಎಂಜಿನ್ ಆರಿಸಿದ. ಒಳಗೆ ಒಂದೇ ಮಾತು ಓಡುತ್ತಿತ್ತು: ಕೂಸಿತ್ತು, ಕೂಸಿತ್ತು.

ಈಗ ಬೈಯುತ್ತಾರೆ, ಎಳೆದು ಹೊಡೆಯುತ್ತಾರೆ ಎಂದು ಕಾದ. ಯಾರೂ ಬೈಯಲಿಲ್ಲ. ಎಲ್ಲರೂ ಇಳಿದು ನೀರಿನ ಅಂಚಿಗೆ ಹೋಗಿ ನಿಂತರು. "ಅದು ಭಟ್ರ ಮನೆ ಮಾವಿನ ಮರ ಅಲ್ವೇನಾ?" ಎಂದ ಒಬ್ಬ. "ಅಲ್ಲಿ ದಿಬ್ಬ ಕಾಣ್ತದಲ್ಲ, ಅದು ಶಾಲೆ ಹಿಂದಿನ ಧರೆ" ಎಂದ ಇನ್ನೊಬ್ಬ. ದುಗ್ಗಪ್ಪ ಕಣ್ಣುಜ್ಜಿಕೊಂಡು, "ನಂಗೂ ಎಚ್ಚರ ಆಗಿತ್ತು ಕಣ್ರೀ, ಬಿದಿರು ಮೆಳೆ ಕಂಡ್ತು, ಸರಿ ದಾರೀಲೇ ಹೋಗ್ತಿದೀವಿ ಅಂತ ಮತ್ತೆ ಕಣ್ಮುಚ್ಚಿದೆ" ಎಂದು ನಕ್ಕ. ಇನ್ನೂ ಇಬ್ಬರು ಮೂವರು ತಮಗೂ ಹಾಗೇ ಆಯಿತೆಂದರು. ಇಷ್ಟು ವರ್ಷ ಓಡಾಡಿದ ದಾರಿ, ಅದರಲ್ಲಿ ಹೋಗುವುದು ತಪ್ಪೆಂದು ಯಾರ ಮೈಗೂ ತೋರಿರಲಿಲ್ಲ. ಕೆರಿಯಮ್ಮ ಮಾತ್ರ ನಗಲಿಲ್ಲ. ಮೊಣಕಾಲಿನವರೆಗೆ ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ಕಣ್ಣಿಗೆ ಒತ್ತಿಕೊಂಡು ಬಂದಳು. ಬಂದವಳು ಬಸ್ಸಿನಿಂದ ಇಳಿದು ನಿಂತಿದ್ದ ಸೀತಾರಾಮಪ್ಪನ ತೋಳು ಹಿಡಿದಳು.

"ತಮಾಷೆಗೆ ಕೇಳಿದ್ದು ಕಣಾ ನಾನು. ನೀ ಕರ್ಕಂಡೇ ಬಂದ್ಯಲ್ಲ. ನೀರು ಬಂದ್ಮೇಲೆ ಈ ಕಡೆ ನಾ ಕಾಲಿಟ್ಟಿರ್ಲಿಲ್ಲ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ಶಂಭು ಹತ್ತಿರ ಬಂದು ಸೀತಾರಾಮಪ್ಪನ ಮುಖವನ್ನೊಮ್ಮೆ ನೋಡಿದ. ಶಂಭುವಿಗೆ ಗೊತ್ತಾಗಿತ್ತು. ಮೂರ್ಖನಲ್ಲ ಅವನು. "ಹೌದಜ್ಜಿ, ಡ್ರೈವರ್ರು ಬೆಳಿಗ್ಗೇನೇ ನಂಗೆ ಹೇಳಿದ್ರು, ಇವತ್ತು ಕೆರಿಯಮ್ಮಂಗೆ ಅವಳೂರು ತೋರ್ಸನ ಅಂತ" ಎಂದು ಗಟ್ಟಿಯಾಗಿ ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ದನಿ ತಗ್ಗಿಸಿ, "ಸುಮ್ನಿರಿ. ನಿಧಾನಕ್ಕೆ ಹಿಂದೆ ತಗೊಳ್ಳಿ, ನಾ ಹಿಂದೆ ನಿಂತು ಹೇಳ್ತೀನಿ. ಮಾಲೀಕ್ರಿಗೆ ಗೊತ್ತಾಗದು ಬ್ಯಾಡ" ಎಂದ. ಎಷ್ಟು ಸುಲಭ. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸೀಟು ಉಳಿಯುತ್ತದೆ, ಹರ್ನಿಯಾ ಹರ್ನಿಯಾ ಆಗಿಯೇ ಉಳಿಯುತ್ತದೆ, ಮೇಲಿಂದ ಒಬ್ಬ ಮುದುಕಿಯ ಆಶೀರ್ವಾದ ಬೇರೆ. ನಾಳೆ ಬೆಳಿಗ್ಗೆ ಮತ್ತೆ ಇದೇ ಸೀಟಿನಲ್ಲಿ ಕೂತು ಇದೇ ಆಕಳಿಕೆಯನ್ನು ಮುಚ್ಚಿಕೊಳ್ಳಬಹುದು. ಕೆರಿಯಮ್ಮನ ಒದ್ದೆ ಕೈ ಅವನ ತೋಳಿನ ಮೇಲೆ ಇನ್ನೂ ಇತ್ತು. ಅವಳ ಹಿಂದೆ ಸೊಸೆ ಕೂಸಿಗೆ ನೀರು ತೋರಿಸುತ್ತಿದ್ದಳು. ಕೂಸು ಅಳು ನಿಲ್ಲಿಸಿ ಕೈ ಬಡಿಯುತ್ತಿತ್ತು.

"ನಾ ಕರ್ಕಂಡು ಬಂದಿದ್ದಲ್ಲ ಕೆರಿಯಮ್ಮ" ಎಂದ ಸೀತಾರಾಮಪ್ಪ. "ನಂಗೆ ನಿದ್ದೆ ಬಂದಿತ್ತು."

ದುಗ್ಗಪ್ಪ ಹೋ ಎಂದು ನಕ್ಕ. "ನಿದ್ದೇಲಿ ಹಾರ್ನ್ ಹೊಡೀತಾರೇನ್ರೀ? ನಾ ಕೇಳಿದೀನಲ್ಲ. ಒಳ್ಳೇ ಕೆಲ್ಸ ಮಾಡಿ ನಾಚ್ಕೊಳ್ತಾರೆ ನೋಡಿ ಇವ್ರು." ಎಲ್ಲರೂ ನಕ್ಕರು. ಕೆರಿಯಮ್ಮನೂ ನಕ್ಕಳು. ಆ ನಗುವನ್ನು ನೋಡಿ ಸೀತಾರಾಮಪ್ಪನಿಗೆ ರೋಷ ಉಕ್ಕಿತು. ಸುಳ್ಳು ಹೇಳಿದಾಗ ಇಷ್ಟು ದಿನ ನಂಬಿದರು, ನಿಜ ಹೇಳಿದರೆ ನಂಬುವುದಿಲ್ಲ. "ನಗಬ್ಯಾಡಿ" ಎಂದು ಕೂಗಿದ. ಕೂಗು ನೀರಿನ ಮೇಲೆ ಹೋಗಿ ಮರಳಿ ಬಂತು. "ನಂಗೆ ಆಗಿದ್ದು ಹರ್ನಿಯಾ ಅಲ್ಲ. ಕ್ಯಾನ್ಸರ್. ಗಂಡಸ್ರಿಗೆ ಬರೋ ಕ್ಯಾನ್ಸರ್. ಅದಕ್ಕೆ ನನ್ನ ಬೀಜ ತೆಗ್ದಾರೆ, ಎರಡೂ. ಅವತ್ತಿಂದ ರಾತ್ರಿ ನಿದ್ದೆ ಇಲ್ಲ. ಡಾಕ್ಟ್ರು ಗುಳಿಗೆ ಕೊಡ್ಲಿಲ್ಲ, ನಿದ್ದೆ ಕಟ್ಟು ಅಂದ್ರು, ಹಗಲು ಮಲಗಬ್ಯಾಡ ಅಂದ್ರು. ಹಗಲು ತೂಕಡಿಕೆ ಬರ್ತದೆ, ಬಸ್ಸು ಮುಟ್ಬ್ಯಾಡ ಅಂದ್ರು. ನಾ ಮುಟ್ಟಿದೆ. ರಜೇಲಿದೀನಿ ಅಂತ ಸುಳ್ಳು ಹೇಳಿ ಮುಟ್ಟಿದೆ. ಶಂಭು ಕೂಗದೇ ಇದ್ದಿದ್ರೆ ನೀವೆಲ್ಲ ಈಗ ಅಲ್ಲಿ ಇರ್ತಿದ್ರಿ." ನೀರಿನ ಕಡೆ ಕೈ ತೋರಿಸಿದ.

ಯಾರೂ ನಗಲಿಲ್ಲ. ದುಗ್ಗಪ್ಪ ಅವನ ಮುಖ ನೋಡಿ, ಆಮೇಲೆ ಅವನ ಪ್ಯಾಂಟಿನ ಕಡೆ ನೋಡಿ, ನೋಡಿದ್ದಕ್ಕೆ ತಾನೇ ನಾಚಿ ಬೇರೆಡೆ ತಿರುಗಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕೆರಿಯಮ್ಮ ಅವನ ತೋಳಿನಿಂದ ಕೈ ತೆಗೆದಳು. ಸೊಸೆಯ ಹತ್ತಿರ ಹೋಗಿ, ಕೂಸನ್ನು ಅವಳ ಸೊಂಟದಿಂದ ಕಿತ್ತುಕೊಳ್ಳುವವಳಂತೆ ಎತ್ತಿ ಎದೆಗೆ ಅವುಚಿಕೊಂಡಳು. ಕೂಸಿನ ತಲೆ, ಕೈ, ಕಾಲು ಎಲ್ಲವನ್ನೂ ಒಮ್ಮೆ ಸವರಿದಳು. "ನನ್ನ ಅಕ್ಕಿ ಗಂಟು ಇಳಸು" ಎಂದಳು ಶಂಭುವಿಗೆ. "ನಡ್ಕಂಡು ಹೋಗ್ತೀವಿ ನಾವು." ಉಳಿದವರೂ ಹೋಗಿ ತಮ್ಮ ತಮ್ಮ ಸಾಮಾನು ಇಳಿಸಿಕೊಂಡರು. ಸೀತಾರಾಮಪ್ಪನ ಕಡೆ ಯಾರೂ ನೋಡಲಿಲ್ಲ. ಒಬ್ಬರ ಹಿಂದೆ ಒಬ್ಬರು ಬಿದಿರಿನ ದಾರಿಯಲ್ಲಿ ಏರು ಹತ್ತತೊಡಗಿದರು.

"ಹೇಳಬಾರ್ದಿತ್ತು ನೀವು" ಎಂದ ಶಂಭು. "ಆಗಿದ್ದಾಯ್ತು. ನಾ ಮೇಲೆ ಹೋಗಿ ಯಾವುದಾದ್ರೂ ಲಾರಿ ಹಿಡ್ದು ಬೇರೆ ಡ್ರೈವರ್ನ ಕರ್ಕೊಂಡು ಬರ್ತೀನಿ. ಅಲ್ಲೀವರೆಗೆ ನೀವು ಉದ್ದ ಸೀಟಲ್ಲಿ ಮಲಕ್ಕೊಳ್ಳಿ." ಶಂಭು ಓಡುತ್ತ ಹೋದ. ಬಸ್ಸು ಖಾಲಿಯಾಗಿತ್ತು, ಬಾಗಿಲು ತೆರೆದಿತ್ತು, ಉದ್ದ ಸೀಟಿನ ಮೇಲೆ ಬಿಸಿಲು ಬಿದ್ದಿತ್ತು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದಲೋ ಏನೋ, ನಿದ್ದೆ ಈಗ ಕಳ್ಳನಂತೆ ಬಾರದೆ ಎದುರಿನಿಂದಲೇ ಬಂದು ನಿಂತಿತ್ತು. ಮಲಗಿದರೆ ಸಂಜೆಯವರೆಗೆ ಏಳಲಾರೆ ಎಂದು ಅವನಿಗೆ ಗೊತ್ತಿತ್ತು. ಎಷ್ಟು ಆಸೆಯಾಯಿತೆಂದರೆ ಅಳು ಬಂತು. ನಿಂತಲ್ಲೇ ಸ್ವಲ್ಪ ಹೊತ್ತು ಅತ್ತ. ಬಸ್ಸಿನ ಬಾಗಿಲು ಹಾಕಿದ. ಅವರೆಲ್ಲ ಹೋದ ದಾರಿಯಲ್ಲಿ, ದೂರ ಬಿಟ್ಟು, ಹಿಂದೆ ಹಿಂದೆ ನಡೆದ.

ಏರಿನ ನಡುವೆ ಬಿದಿರು ಮೆಳೆಯ ನೆರಳಿನಲ್ಲಿ ಕೆರಿಯಮ್ಮ ಒಬ್ಬಳೇ ಕೂತಿದ್ದಳು. ಕೂಸನ್ನು ಸೊಸೆಗೆ ಕೊಟ್ಟು ಮುಂದೆ ಕಳಿಸಿದ್ದಳು. ಏದುಸಿರು ಬಿಡುತ್ತಿದ್ದಳು, ಗಂಟು ಪಕ್ಕದಲ್ಲಿತ್ತು. ಅವನು ತಲೆ ತಗ್ಗಿಸಿ ದಾಟಿಹೋಗಲು ನೋಡಿದ.

"ಅಲ್ಲೇ ಮಲಕ್ಕಳದು ಬಿಟ್ಟು ಎಂತಕ್ಕೆ ಬಂದೆ?"

"ಹಗಲು ಮಲಗಂಗಿಲ್ಲ ಕೆರಿಯಮ್ಮ."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಸಿಟ್ಟು ಇಳಿದಿರಲಿಲ್ಲ. "ಕೂಸು ಸಾಯ್ತಿತ್ತು" ಎಂದಳು. "ಹೌದು" ಎಂದ ಅವನು. ಅವಳು ಬಿದಿರು ಹಿಡಿದು ಎದ್ದಳು. ಕಾಲಿನಿಂದ ಗಂಟನ್ನು ಅವನ ಕಡೆ ನೂಕಿದಳು.

"ಹಂಗಾದ್ರೆ ಇದನ್ನ ಹೊತ್ಕ. ತಲೆ ಮ್ಯಾಲೆ ಭಾರ ಇದ್ರೆ ನಿದ್ದೆ ಹತ್ರ ಬರಲ್ಲ. ಹಿಂದೆ ಬರಬ್ಯಾಡ, ಮುಂದೆ ನಡಿ. ನನ್ನ ಕಣ್ಣಿಗೆ ಕಾಣಂಗಿರು."

ಅವನು ಬಗ್ಗಿ ಗಂಟನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ. ಅಕ್ಕಿ ಭಾರವಾಗಿತ್ತು. ಅವಳು ಹಿಂದಿನಿಂದ ಬೈಯುತ್ತಲೇ ಬಂದಳು, ಅವನು ಮುಂದೆ ನಡೆದ.